ಮೋಡೆಮ್‌ಗೆ ಕಿವಿ ಇದೆಯಾ ನೋಡಿ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿದರೆ ಹಳೇ ಡಯಲ್‌ಅಪ್ ಮೋಡೆಮ್‌ಗಳು, ಅಂದರೆ ಕಂಪ್ಯೂಟರಿನ ಮಾಹಿತಿಯನ್ನು ಸದ್ದಾಗಿಸಿ ಫೋನ್ ಲೈನಿನಲ್ಲಿ ಕಳಿಸುವ ಪೆಟ್ಟಿಗೆಗಳು, ಈಗಲೂ ಕಣ್ಣಿಗೆ ಬೀಳುತ್ತವೆ. ನನ್ನ ಹತ್ತಿರ ಅವನ್ನು ತರುವವರು ಎರಡು ಥರದವರು. ಕೆಲವರಿಗೆ ಹಳೇ ಕಂಪ್ಯೂಟರ್ ಹುಚ್ಚು. ಇನ್ನು ಕೆಲವರ ಕಾರ್ಖಾನೆಯಲ್ಲಿ ಫೋನ್ ಲೈನ್ ಮೇಲೆಯೇ ವರದಿ ಕಳಿಸುವ ಒಂದು ಹಳೇ ಯಂತ್ರ ಇರುತ್ತದೆ. ಇಬ್ಬರೂ ಮೊದಲು ಕೇಳುವುದು ಸ್ಪೀಡ್. ನಾನು ಅದನ್ನು ಕೊನೆಗೆ ನೋಡುತ್ತೇನೆ.

ಲೆಕ್ಕ ಸುಲಭ. ಒಂದು ಅಕ್ಷರಕ್ಕೆ ಸುಮಾರು 10 ಬಿಟ್. ಹಳೇ ಕಂಪ್ಯೂಟರ್ ಪರದೆ ತುಂಬಲು 2000 ಅಕ್ಷರ. ಸೆಕೆಂಡಿಗೆ 300 ಬಿಟ್ ಕಳಿಸುವ ಮೋಡೆಮ್‌ಗೆ ಅದು ಒಂದು ನಿಮಿಷಕ್ಕಿಂತ ಜಾಸ್ತಿ ಕೆಲಸ, 2400ರದ್ದಕ್ಕೆ ಎಂಟೂ ಚಿಲ್ಲರೆ ಸೆಕೆಂಡ್. ನಾಲ್ಕು ಸಾಲು ವರದಿ ಕಳಿಸುವ ಯಂತ್ರಕ್ಕೆ 2400 ಧಾರಾಳ ಸಾಕು.

ತಾನಾಗಿ ಡಯಲ್ ಮಾಡುವುದೂ ದೊಡ್ಡ ವಿದ್ಯೆಯಲ್ಲ. 1981ರಲ್ಲಿ ಹೇಯ್ಸ್ ಕಂಪನಿಯ ಸ್ಮಾರ್ಟ್‌ಮೋಡೆಮ್ ಬಂದಾಗಿನಿಂದ ಕಂಪ್ಯೂಟರಿನಲ್ಲಿ ಎಟಿಡಿಟಿ (ATDT) ಅಂತ ಆಜ್ಞೆ ಬರೆದು ನಂಬರ್ ಕೊಟ್ಟರೆ ಟೋನ್‌ನಲ್ಲಿ, ಎಟಿಡಿಪಿ (ATDP) ಅಂದರೆ ಹಳೇ ತಿರುಗಿಸುವ ಫೋನಿನಂತೆ ಪಲ್ಸ್‌ನಲ್ಲಿ ನಂಬರ್ ಹೋಗುತ್ತದೆ. ಆದರೆ ಡಯಲ್ ಮಾಡುವ ಮುಂಚೆ, ಆಮೇಲೆ ಲೈನಿನಲ್ಲಿ ಏನು ನಡೀತಿದೆ ಅಂತ ಅದಕ್ಕೆ ಕೇಳಿಸಬೇಕಲ್ವಾ? ಪರೀಕ್ಷೆ ಇರುವುದು ಅಲ್ಲಿ.

ಅದೇ ಲೈನಿಗೆ ಪ್ಯಾರಲಲ್ ಆಗಿ ಒಂದು ಮಾಮೂಲಿ ಫೋನ್ ಸಿಕ್ಕಿಸಿ, ಮೋಡೆಮ್‌ಗೆ ಡಯಲ್ ಮಾಡಲು ಹೇಳಿ, ರಿಸೀವರ್ ಕಿವಿಗಿಟ್ಟುಕೊಳ್ಳಿ. ನಿಮಗೆ ಡಯಲ್ ಟೋನ್ ಸ್ಪಷ್ಟವಾಗಿ ಕೇಳುತ್ತಿರುತ್ತದೆ. ಪರದೆಯ ಮೇಲೆ ಮಾತ್ರ ಕೆಲವೊಮ್ಮೆ ‘ನೋ ಡಯಲ್‌ಟೋನ್’ ಅಂತ ಬರುತ್ತದೆ. ಅಷ್ಟಕ್ಕೇ ಮೋಡೆಮ್ ಕೆಟ್ಟಿದೆ ಅಂತಲ್ಲ. ಅಮೆರಿಕದ ಡಯಲ್ ಟೋನ್ 350 ಮತ್ತು 440 ಹರ್ಟ್ಸ್ ಸೇರಿದ್ದು. ನಮ್ಮದು ಏರಿಳಿಯುವ 400 ಹರ್ಟ್ಸ್. ಅಲ್ಲಿಗೆಂದೇ ಮಾಡಿದ ಪೆಟ್ಟಿಗೆಗೆ ನಮ್ಮ ಟೋನ್ ಗುರುತು ಹತ್ತದೇ ಇರಬಹುದು. ಎಟಿಎಕ್ಸ್3 (ATX3) ಅನ್ನುವ ಆಜ್ಞೆ ಕೊಟ್ಟರೆ ಅದು ಡಯಲ್ ಟೋನಿಗೆ ಕಾಯದೆ ಮುಂದುವರಿಯುತ್ತದೆ. ಆಫೀಸಿನೊಳಗಿನ ಫೋನ್ ಎಕ್ಸ್‌ಚೇಂಜ್ (ಇಪಿಎಬಿಎಕ್ಸ್) ಹಿಂದೆ ಇದ್ದರೆ ಹೊರಗಿನ ಲೈನಿಗೆಂದು ಒತ್ತುವ ಸೊನ್ನೆಯ ನಂತರ ಒಂದು ಕಾಮಾ ಹಾಕಿ. ಎರಡು ಸೆಕೆಂಡ್ ತಡೆದು ಮುಂದಿನ ನಂಬರ್ ಒತ್ತುತ್ತದೆ.

ಮುಂದೆ ಎಂಗೇಜ್ ಟೋನ್. ಬೇಕೆಂದೇ ಬಿಜಿ ಇರುವ ನಂಬರಿಗೆ ಹಚ್ಚಿ. ‘ಬಿಜಿ’ ಅಂತ ವಾಪಸ್ ಹೇಳಿದರೆ ಸಂತೋಷ. ಈಗಿನ ತೊಂದರೆ ಬೇರೆ. ಎಷ್ಟೋ ಸಲ ಟೋನ್ ಬದಲು ‘ನೀವು ಕರೆ ಮಾಡಿದ ಚಂದಾದಾರರು’ ಅಂತ ಹೆಣ್ಣುದನಿ ಶುರುವಾಗುತ್ತದೆ. ಮೋಡೆಮ್‌ಗೆ ಕನ್ನಡವೂ ಬರಲ್ಲ, ಇಂಗ್ಲಿಷೂ ಬರಲ್ಲ. ಆಗ ಕಾಪಾಡುವುದು ಮೋಡೆಮ್ ಒಳಗಿನ ಎಸ್7 (S7) ರಿಜಿಸ್ಟರ್ ಒಂದೇ. ಎಷ್ಟು ಸೆಕೆಂಡ್ ಕಾದು ಕೈಬಿಡಬೇಕು ಅನ್ನುವ ಅಂಕಿ ಅದರಲ್ಲಿರುತ್ತದೆ. ಅದಕ್ಕೆ 45 ಹಾಕಿ, ಗಡಿಯಾರ ಹಿಡಿದು ನೋಡಿ.

ಸೋತ ಕರೆಯನ್ನು ಮತ್ತೆ ಮತ್ತೆ ಹಚ್ಚುವ ಸಾಫ್ಟ್‌ವೇರ್ ಇದ್ದರೆ ಎಷ್ಟು ಸಲ ಅನ್ನುವುದಕ್ಕೂ ಮಿತಿ ಹಾಕಲೇಬೇಕು. ನಂಬರಿನಲ್ಲಿ ಒಂದು ಅಂಕಿ ತಪ್ಪಿದ್ದರೆ ಯಾರದೋ ಮನೆಯ ಅಜ್ಜಿ ರಾತ್ರಿಯಿಡೀ ಎದ್ದು ಫೋನ್ ಎತ್ತಬೇಕು. ಆ ಕಡೆಯಿಂದ ಬರೀ ಕೀಂಯ್ ಸದ್ದು.

ಫೋನ್ ಇಡುವುದನ್ನು ಯಾರೂ ಪರೀಕ್ಷಿಸಲ್ಲ. ನಾನು ಎರಡು ಮೋಡೆಮ್‌ಗಳ ಮಾತುಕತೆಯ ಮಧ್ಯೆಯೇ ಕಂಪ್ಯೂಟರ್ ಕಡೆಯ ಕೇಬಲ್ ಕಿತ್ತುಬಿಡುತ್ತೇನೆ. ಸರಿಯಾಗಿ ಹೊಂದಿಸಿದ ಮೋಡೆಮ್ ತಕ್ಷಣ ಲೈನ್ ಬಿಡಬೇಕು. ಬಿಡದಿದ್ದರೆ ಆ್ಯಂಪರ್‌ಸ್ಯಾಂಡ್ ಡಿ2 (AT&D2) ಆಜ್ಞೆ ಕೊಟ್ಟು ಮತ್ತೆ ನೋಡಿ. ಎಸ್‌ಟಿಡಿ ಮೀಟರ್ ಓಡುತ್ತಿದ್ದ ಕಾಲದಲ್ಲಿ ಲೈನ್ ಬಿಡದ ಮೋಡೆಮ್ ಅಂದರೆ ತಿಂಗಳ ಕೊನೆಗೆ ಎದೆ ಧಸಕ್ ಅನ್ನುವ ಬಿಲ್ಲು.

ಇಷ್ಟೆಲ್ಲ ಪಾಸಾದರೂ ಅದು ಇರಬೇಕಾದ ಲೈನಿನ ಮೇಲೇ ಒಮ್ಮೆ ನೋಡಿ. ಬೆಂಗಳೂರಿನಲ್ಲಿ ತಾಮ್ರದ ಲೈನ್ ಹೋಗಿ ಫೈಬರ್ ಬಂದ ಕಡೆ, ಫೋನ್ ಸಿಕ್ಕಿಸುವುದು ಗೋಡೆಯ ಪುಟ್ಟ ಡಬ್ಬಿಗೆ. ಅದು ದನಿಯನ್ನು ತುಂಡು ಮಾಡಿ ಕಳಿಸುತ್ತದೆ. ಒಂದೆರಡು ತುಂಡು ಕಳೆದರೂ ಮನುಷ್ಯರಿಗೆ ಗೊತ್ತಾಗಲ್ಲ, ಮೋಡೆಮ್ ಮಾತ್ರ ತಡವರಿಸುತ್ತದೆ. ಜಾಗ ಉಳಿಸಲು ದನಿಯ ಮಾಹಿತಿಯನ್ನು ಜಾಸ್ತಿ ಕುಗ್ಗಿಸಿದ್ದರಂತೂ (ಕಂಪ್ರೆಸ್) ಮುಗೀತು. ಅಂಥ ಕಡೆ ಸೆಕೆಂಡಿಗೆ 56 ಸಾವಿರ ಬಿಟ್‌ನ ಮೋಡೆಮ್ ಆದರೂ 2400ಕ್ಕೇ ಇಳಿಸಿ ನೋಡಿ. ಎಷ್ಟೋ ಸಲ ಅಷ್ಟರಲ್ಲಿ ನಿಲ್ಲುತ್ತದೆ.

ಅಂಗಡಿಯಲ್ಲಿ ಅಡಾಪ್ಟರ್ ಸಮೇತ ಕೇಳಿ. ಕೆಲವು ಮೋಡೆಮ್‌ಗಳಿಗೆ ಡಿಸಿ ಅಲ್ಲ, 9 ವೋಲ್ಟ್ ಎಸಿ ಬೇಕು. ಎರಡರ ಪಿನ್ನೂ ಒಂದೇ ಥರ ಇರಬಹುದು, ಸುಮ್ನೆ ಸಿಕ್ಕಿದ್ದನ್ನು ಚುಚ್ಚಬೇಡಿ.