ಪ್ರೋಟೀನ್ ಒಡೆಯುವುದೇ ಬೇರೆ, ಬಿಚ್ಚಿಕೊಳ್ಳುವುದೇ ಬೇರೆ

ಜ್ವರ ಬಂದರೆ ಆ ಬಿಸಿಗೇ ಲಿವರ್‌ನ ಪ್ರೋಟೀನ್ ಒಡೆದುಹೋಗುತ್ತದೆ, ಅದೇ ‘ಪ್ರೋಟಿಯೋಲಿಸಿಸ್’ ಅಂತ ಬರೆದಿದ್ದನ್ನು ಎಷ್ಟು ಸಲ ಓದುವುದು? ಎರಡು ಬೇರೆ ಸಂಗತಿಗಳನ್ನು ಸುಮ್ನೆ ಕಲಸಿಬಿಟ್ಟಿದ್ದಾರೆ.

ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಉದ್ದನೆಯ ಸರಪಳಿ, ತನ್ನದೇ ರೀತಿಯಲ್ಲಿ ಮಡಚಿಕೊಂಡಿರುತ್ತದೆ ಅಲ್ವಾ. ಬಿಸಿ ಮಿತಿಮೀರಿದರೆ ಬಿಚ್ಚಿಕೊಳ್ಳುವುದು ಆ ಮಡಿಕೆ. ಸರಪಳಿಯ ಕೊಂಡಿಗಳು ಹಾಗೇ ಇರುತ್ತವೆ. ಇದು ಡಿನೇಚುರೇಶನ್. ಪ್ರೋಟಿಯೋಲಿಸಿಸ್‌ನಲ್ಲಿ ಕೊಂಡಿಯೇ ತುಂಡಾಗುತ್ತದೆ, ಮತ್ತು ತುಂಡು ಮಾಡುವುದು ಕಿಣ್ವಗಳು (ಎನ್‌ಜೈಮ್). 39 ಡಿಗ್ರಿ ಸೆಲ್ಸಿಯಸ್ ಜ್ವರದ ಬಿಸಿಯೊಂದಕ್ಕೇ ಆ ಕೊಂಡಿಗಳು ಜಗ್ಗುವುದಿಲ್ಲ.

ಹಾಗಾದರೆ ಬಿಸಿಗೆ ಏನೂ ಪಾತ್ರವಿಲ್ಲವೇ? ಇದೆ. ಲಿವರ್ ಜೀವಕೋಶದೊಳಗೆ ಹಳೆಯ ಪ್ರೋಟೀನನ್ನು ಕತ್ತರಿಸುವ ಕೆಲಸ ದಿನವೂ ನಡೆಯುತ್ತಲೇ ಇರುತ್ತದೆ. ಒಂದು ಜಾಗ ಲೈಸೋಸೋಮ್ ಅನ್ನುವ, ಕಿಣ್ವ ತುಂಬಿದ ಪುಟ್ಟ ಚೀಲ; 1955ರಲ್ಲಿ ವಿಜ್ಞಾನಿ ಕ್ರಿಶ್ಚಿಯನ್ ಡಿ ಡ್ಯೂವ್ ತಂಡ ಇದನ್ನು ಗುರುತಿಸಿದ್ದೇ ಇಲಿಯ ಲಿವರ್‌ನಲ್ಲಿ. ಇನ್ನೊಂದು ಪ್ರೋಟಿಯಾಸೋಮ್, ಪ್ರೋಟೀನ್ ಕತ್ತರಿಸುವ ಪುಟ್ಟ ಯಂತ್ರದಂಥದ್ದು. ಮೈ ಬಿಸಿಯಾದಾಗ ಕಿಣ್ವಗಳ ಕೆಲಸ ಸ್ವಲ್ಪ ಚುರುಕಾಗುತ್ತದೆ. ಮಡಿಕೆ ಕೆಟ್ಟ ಪ್ರೋಟೀನ್ ಕಂಡರೆ ಹೀಟ್ ಶಾಕ್ ಪ್ರೋಟೀನುಗಳು ಮೊದಲು ಅದನ್ನು ಸರಿಯಾಗಿ ಮಡಚಲು ನೋಡುತ್ತವೆ, ಆಗದಿದ್ದರೆ ಅದಕ್ಕೆ ಯುಬಿಕ್ವಿಟಿನ್ ಅನ್ನುವ ಗುರುತು ಬಿದ್ದು ಪ್ರೋಟಿಯಾಸೋಮ್‌ಗೆ ಹೋಗುತ್ತದೆ. ಅಂದರೆ ಬಿಚ್ಚಿಕೊಂಡಿದ್ದು ಮುಂದೆ ಒಡೆಯಬಹುದು. ಗೊಂದಲ ಹುಟ್ಟುವುದು ಬಹುಶಃ ಇಲ್ಲೇ.

ಜ್ವರದಲ್ಲಿ ಊಟ ಸೇರುವುದಿಲ್ಲ, ಇದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ! ಹೊಟ್ಟೆ ಖಾಲಿಯಿದ್ದರೆ ಇನ್ಸುಲಿನ್ ಇಳಿದು ಗ್ಲುಕಗಾನ್ ಅನ್ನುವ ಹಾರ್ಮೋನ್ ಏರುತ್ತದೆ, ಆಗ ಲಿವರ್ ತನ್ನದೇ ಪ್ರೋಟೀನನ್ನು ಲೈಸೋಸೋಮ್‌ಗೆ ಹಾಕಿ ಒಡೆಯುವುದು ಜಾಸ್ತಿಯಾಗುತ್ತದೆ. ಇದಕ್ಕೆ ಜ್ವರವೇ ಬೇಕೆಂದಿಲ್ಲ, ಬರೀ ಉಪವಾಸ ಸಾಕು.

ಇನ್ನು ಸೋಂಕಿನ ಜ್ವರದಲ್ಲಿ ಹೆಚ್ಚಾಗಿ ಕರಗುವುದು ಮಾಂಸಖಂಡದ ಪ್ರೋಟೀನ್. ಅದರಿಂದ ಬಿಡುಗಡೆಯಾದ ಅಮೈನೋ ಆಮ್ಲಗಳು ಲಿವರ್‌ಗೆ ಬರುತ್ತವೆ. ಲಿವರ್ ಅವುಗಳಿಂದ ಸಿಆರ್‌ಪಿ, ಫೈಬ್ರಿನೋಜನ್ ಥರದ, ಸೋಂಕಿನ ವೇಳೆ ಬೇಕಾಗುವ ಪ್ರೋಟೀನುಗಳನ್ನು ಜೋರಾಗಿ ಕಟ್ಟುತ್ತದೆ, ರಕ್ತದಲ್ಲಿ ಸದಾ ಇರುವ ಆಲ್ಬುಮಿನ್ ಅನ್ನುವ ಪ್ರೋಟೀನ್ ಕಟ್ಟುವುದನ್ನು ಕಡಿಮೆ ಮಾಡುತ್ತದೆ. ಅಮೈನೋ ಆಮ್ಲ ಸುಟ್ಟು ಉಳಿದ ನೈಟ್ರೋಜನ್ ಯೂರಿಯಾ ಆಗಿ ಮೂತ್ರಕ್ಕೆ. ಇಷ್ಟೆಲ್ಲ ಕಟ್ಟುತ್ತಿರುವ ಅಂಗವನ್ನು ‘ಬಿಸಿಗೆ ಕರಗುತ್ತಿದೆ’ ಅನ್ನುವುದು ಹೇಗೆ ಸರಿ?

ಬಿಸಿಲಿನ ಹೊಡೆತಕ್ಕೆ ಮೈ 40 ಡಿಗ್ರಿ ದಾಟಿದ ಮೇಲಿನ ಕತೆ ಬೇರೆ. ಆಗ ಲಿವರ್ ಜೀವಕೋಶಗಳಿಗೇ ಪೆಟ್ಟು ಬೀಳಬಹುದು, ರಕ್ತದಲ್ಲಿ ಎಎಸ್‌ಟಿ, ಎಎಲ್‌ಟಿ ಏರಬಹುದು. ಅವು ಪೆಟ್ಟಾದ ಕೋಶದಿಂದ ಸೋರಿದ ಕಿಣ್ವಗಳು. ರಿಪೋರ್ಟಿನಲ್ಲಿ ಅವು ಏರಿದ್ದನ್ನು ನೋಡಿ ಪ್ರೋಟಿಯೋಲಿಸಿಸ್ ಅನ್ನಬೇಡಿ.