ಮಗುವಿನ ಕೆಂಪು ಗಂಟಿಗೆ ಹೃದಯದ ಔಷಧಿ

ಫ್ರಾನ್ಸಿನ ಬೋರ್ಡೋದಲ್ಲಿ ಒಂದು ಮಗುವಿನ ಮೂಗಿನ ಮೇಲೆ ರಕ್ತನಾಳಗಳ ಕೆಂಪು ಗಂಟು ಬೆಳೆದಿತ್ತು. ಸ್ಟಿರಾಯ್ಡ್ ಕೊಡುತ್ತಿದ್ದಾಗ ಹೃದಯದ ಸ್ನಾಯು ದಪ್ಪವಾಗತೊಡಗಿತು. ಅದಕ್ಕೆಂದು ವೈದ್ಯರು ಪ್ರೊಪ್ರಾನೊಲಾಲ್ ಶುರು ಮಾಡಿದರು. 1960ರ ದಶಕದಿಂದ ಹೃದಯದ ಕಾಯಿಲೆಗಳಿಗೆ ಕೊಡುತ್ತಿದ್ದ ಹಳೇ ಔಷಧಿ ಅದು. ಮರುದಿನ ನೋಡಿದರೆ ಗಂಟಿನ ಕಡುಗೆಂಪು ನೇರಳೆಗೆ ತಿರುಗಿತ್ತು, ಮುಟ್ಟಿದರೆ ಮೆತ್ತಗಿತ್ತು! ಚರ್ಮತಜ್ಞೆ ಕ್ರಿಸ್ಟೀನ್ ಲಿಯೋಟೆ-ಲಾಬ್ರೆಜ್ ಮತ್ತು ಸಂಗಡಿಗರು 2008ರಲ್ಲಿ ಇದನ್ನು ಪ್ರಕಟಿಸಿದರು. ಚಿಕಿತ್ಸೆಯ ದಾರಿಯೇ ಬದಲಾಯಿತು.

ಈ ಗಂಟಿನ ಹೆಸರು ಹೆಮಾಂಜಿಯೋಮಾ. ನೂರರಲ್ಲಿ ನಾಲ್ಕೈದು ಮಕ್ಕಳಿಗೆ ಬರುತ್ತದೆ. ಹೆಣ್ಣುಮಕ್ಕಳಲ್ಲಿ, ದಿನ ತುಂಬುವ ಮೊದಲೇ ಹುಟ್ಟಿದವರಲ್ಲಿ ಜಾಸ್ತಿ. ಹುಟ್ಟಿದಾಗ ಕಾಣುವುದೇ ಇಲ್ಲ, ಇಲ್ಲವೇ ಮಸುಕಾದ ಕಲೆಯಷ್ಟೇ. ಕೆಲವು ವಾರಗಳಲ್ಲಿ ಉಬ್ಬುತ್ತದೆ. ಐದರಿಂದ ಏಳನೇ ವಾರದ ನಡುವೆ ಬೆಳವಣಿಗೆ ಭಾರಿ ಜೋರು.

'ತಾನಾಗೇ ಹೋಗುತ್ತೆ, ಸುಮ್ನಿರಿ' ಎನ್ನುವವರು ಬಹಳ. ಹೆಚ್ಚಿನ ಗಂಟುಗಳ ಮಟ್ಟಿಗೆ ಅದು ನಿಜವೂ ಹೌದು, ವರ್ಷಗಳಲ್ಲಿ ಕುಗ್ಗುತ್ತವೆ. ಆದರೆ ಕಣ್ಣಿನ ರೆಪ್ಪೆಯ ಮೇಲಿದ್ದರೆ ಅಷ್ಟರೊಳಗೆ ದೃಷ್ಟಿಗೇ ಪೆಟ್ಟು ಬಿದ್ದಿರುತ್ತದೆ. ಗಂಟಲೊಳಗಿದ್ದರೆ ಉಸಿರಾಟಕ್ಕೇ ಕುತ್ತು. ತುಟಿಯ ಮೇಲಿನದು ಹುಣ್ಣಾಗಿ ಹಾಲು ಕುಡಿಯುವುದೇ ಕಷ್ಟವಾಗುತ್ತದೆ. ಇಂಥ ಕಡೆ ಕಾಯುವುದು ದೊಡ್ಡ ತಪ್ಪು. ಮಗುವಿಗೆ ಒಂದು ತಿಂಗಳಾಗುವಷ್ಟರಲ್ಲಿ ತಜ್ಞರು ನೋಡಿದ್ದರೆ ಒಳ್ಳೆಯದು.

ಔಷಧಿ ಮೊದಲು ರಕ್ತನಾಳಗಳನ್ನು ಬಿಗಿಯಾಗಿಸುತ್ತದೆ, ಬಣ್ಣ ಬೇಗ ಇಳಿಯುವುದು ಅದಕ್ಕೇ. ಹೊಸ ನಾಳಗಳ ಬೆಳವಣಿಗೆಯನ್ನೂ ತಡೆಯುತ್ತದೆ ಅನ್ನುತ್ತಾರೆ. 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಿಲೋ ತೂಕಕ್ಕೆ ದಿನಕ್ಕೆ 3 ಮಿಲಿಗ್ರಾಂನಂತೆ ಆರು ತಿಂಗಳು ಔಷಧಿ ಪಡೆದ ಮಕ್ಕಳಲ್ಲಿ ಶೇ. 60ರಷ್ಟು ಮಂದಿಯ ಗಂಟು ಪೂರ್ತಿ ಅಥವಾ ಹೆಚ್ಚುಕಮ್ಮಿ ಪೂರ್ತಿ ಹೋಯಿತು. ಬರೀ ಸಿಹಿನೀರಿನಂಥ ಹುಸಿಮದ್ದು ಕುಡಿದವರಲ್ಲಿ ಶೇ. 4 ಮಾತ್ರ.

ಇಷ್ಟು ಒಳ್ಳೆಯ ಔಷಧಿಗೂ ಒಂದು ಕಟ್ಟುನಿಟ್ಟು ಇದೆ. ಹೊಟ್ಟೆ ತುಂಬಿಸಿಯೇ ಕೊಡಬೇಕು. ಖಾಲಿ ಹೊಟ್ಟೆಯಲ್ಲಿ ಮಗುವಿನ ರಕ್ತದ ಸಕ್ಕರೆ ಕುಸಿಯಬಹುದು. ಸಕ್ಕರೆ ಇಳಿದಾಗ ಎದೆ ಡವಡವ ಹೊಡೆದುಕೊಳ್ಳುವುದು ಒಂದು ಮುನ್ಸೂಚನೆ, ಆದರೆ ಈ ಔಷಧಿ ಅದನ್ನೇ ಅಡಗಿಸಿಬಿಡುತ್ತದೆ. ಹಾಗಾಗಿ ಮಗು ವಾಂತಿ ಮಾಡುತ್ತಿದ್ದರೆ, ಹಾಲು ಬಿಟ್ಟಿದ್ದರೆ ಆ ಹೊತ್ತಿನ ಡೋಸ್ ಕೊಡದೆ ವೈದ್ಯರನ್ನು ಕೇಳಬೇಕು. ಉಬ್ಬಸ ಇರುವ ಮಕ್ಕಳಿಗೆ ಸಾಮಾನ್ಯವಾಗಿ ಇದು ಆಗಿಬರುವುದಿಲ್ಲ.

ಹುಟ್ಟುವಾಗಲೇ ಇರುವ, ಉಬ್ಬದೆ ಚಪ್ಪಟೆಯಾಗಿ ಹರಡಿದ ಪೋರ್ಟ್ ವೈನ್ ಕಲೆಗೆ ಮಾತ್ರ ಪ್ರೊಪ್ರಾನೊಲಾಲ್ ನಾಟುವುದಿಲ್ಲ. ಅದು ಬೇರೆಯೇ ತೊಂದರೆ, ಅಲ್ಲಿ ಕೆಲಸ ಮಾಡುವುದು ಲೇಸರ್.