ಭೂಮಿ ಒಂದೇ, ಫಿಸಿಕ್ಸ್ ಒಂದೇ, ಮತ್ಯಾಕೆ ಧ್ರುವದ ಐಸ್ ಬಗ್ಗೆ ಒಂದೊಂದು ಮಾಡೆಲ್ ಒಂದೊಂದು ಹೇಳುತ್ತೆ?

ಪ್ರಶ್ನೆ: "ಸರ್, ಒಂದು ಕ್ಲೈಮೇಟ್ ಮಾಡೆಲ್ ಆರ್ಕ್‌ಟಿಕ್ ಐಸ್ ಬೇಗ ಖಾಲಿ ಆಗುತ್ತೆ ಅನ್ನುತ್ತೆ, ಇನ್ನೊಂದು ಇನ್ನೂ ಎಷ್ಟೋ ವರ್ಷ ಇದೆ ಅನ್ನುತ್ತೆ. ಇರೋ ಡೇಟಾಗೆ ಗೆರೆ ಎಳೆದು ಮುಂದಕ್ಕೆ ಜಗ್ಗೋದೇ ತಾನೆ ಮಾಡೆಲ್ ಅಂದ್ರೆ?"

ಇದನ್ನ ಎಷ್ಟನೇ ಸಲ ಕೇಳ್ತಿದ್ದಾರೋ ಲೆಕ್ಕ ಇಡೋದು ಬಿಟ್ಟಿದ್ದೀನಿ, ಇನ್ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸ್ತೀನಿ. ಅಂದ ಹಾಗೆ ಇಲ್ಲಿ "ಖಾಲಿ" ಅಂದ್ರೆ ಸೊನ್ನೆ ಅಲ್ಲ, ಸೆಪ್ಟೆಂಬರಲ್ಲಿ ಹತ್ತು ಲಕ್ಷ ಚದರ ಕಿ.ಮೀ.ಗಿಂತ ಕಡಿಮೆ ಉಳಿದ್ರೆ ಖಾಲಿ ಅಂತ ಲೆಕ್ಕ. 2012ರಲ್ಲಿ ಅದು ಸುಮಾರು 34 ಲಕ್ಷಕ್ಕೆ ಇಳಿದಿತ್ತು.

ಮೊದಲ ಅರ್ಧಕ್ಕೆ ಉತ್ತರ ಸುಲಭ. ಭೂಮಿನ ಚೌಕ ಚೌಕ ಮಾಡಿ ಕಂಪ್ಯೂಟರಿಗೆ ಕೊಡ್ತಾರೆ, ಅದು ಒಂದೊಂದು ಚೌಕಕ್ಕೂ ಫಿಸಿಕ್ಸ್ ಸಮೀಕರಣ ಬಿಡಿಸುತ್ತೆ, ಅದೇ ಮಾಡೆಲ್. ಒಂದೊಂದು ಚೌಕ ನೂರು ಕಿ.ಮೀ. ಆಸುಪಾಸು, ಅಂದ್ರೆ ಬೆಂಗಳೂರೂ ಮಂಡ್ಯನೂ ಒಂದೇ ಚೌಕದೊಳಗೆ. ಅದಕ್ಕಿಂತ ಚಿಕ್ಕದಾದ ಮೋಡದ ಹನಿ, ಐಸಿನ ಬಿರುಕು, ಐಸ್ ಮೇಲೆ ನಿಂತ ಕರಗಿದ ನೀರಿನ ಹೊಂಡ, ಇದ್ಯಾವುದೂ ಮಾಡೆಲ್ ಕಣ್ಣಿಗೆ ಬೀಳಲ್ಲ, ಅದಕ್ಕೆ ಒಂದೊಂದು ಟೀಮ್ ತನ್ನದೇ ಆದ ಸೂತ್ರ ಬರೆದುಕೊಳ್ಳುತ್ತೆ. ಧ್ರುವಗಳಲ್ಲಿ ಈ ಚಿಲ್ಲರೆ ಐಟಮ್‌ಗಳದ್ದೇ ಕಾರುಬಾರು.

ಮೋಡನೇ ತಗೊಳ್ಳಿ. ಒಂದ್ಸಲ ಫ್ರೀಜರಲ್ಲಿ ನೀರಿನ ಬಾಟಲಿ ಇಟ್ಟು ಮರೆತಿದ್ದೆ, ತೆಗೆದ್ರೆ ಇನ್ನೂ ನೀರಾಗೇ ಇತ್ತು, ಟೇಬಲ್ ಮೇಲೆ ಕುಕ್ಕಿದ ತಕ್ಷಣ ಕಣ್ಣೆದುರೇ ಮೇಲಿಂದ ಕೆಳಗೆ ಬೆಳ್ಳಗೆ ಹೆಪ್ಪುಗಟ್ಕೊಂಡು ಹೋಯ್ತು. ಸೊನ್ನೆಗಿಂತ ಕೆಳಗೆ ಹೋದ ಮಾತ್ರಕ್ಕೆ ನೀರು ಐಸ್ ಆಗ್ಬೇಕು ಅಂತಿಲ್ಲ. ಹಳೇ ಮಾಡೆಲ್‌ಗಳು ಬರೀ ಟೆಂಪರೇಚರ್ ನೋಡಿ ಇಷ್ಟು ನೀರು ಇಷ್ಟು ಐಸ್ ಅಂತ ಮೋಡನ ಪಾಲು ಮಾಡಿಬಿಡ್ತಿದ್ದವು. 1997-98ರಲ್ಲಿ ಶೀಬಾ ಅನ್ನೋ ಪ್ರಯೋಗದಲ್ಲಿ ಒಂದು ಹಡಗನ್ನ ಅಲಾಸ್ಕಾದ ಉತ್ತರಕ್ಕಿರೋ ಬ್ಯೂಫೋರ್ಟ್ ಸಮುದ್ರದ ಐಸಲ್ಲಿ ಸಿಕ್ಕಿಸಿ ಒಂದು ವರ್ಷ ತೇಲಿ ಬಿಟ್ಟು ಅಳೆದಾಗ, ಮೈನಸ್ 30ರ ಹತ್ತಿರದಲ್ಲೂ ಮೋಡದಲ್ಲಿ ನೀರಿನ ಹನಿ ಸಿಕ್ತು. ಹನಿ ಇರೋ ಮೋಡ ಧ್ರುವದ ಕತ್ತಲೆ ಚಳಿಗಾಲದಲ್ಲಿ ಕಂಬಳಿ ಹೊದಿಸಿದ ಹಾಗೆ, ಐಸ್ ಮೋಡ ತೂತು ಬಿದ್ದ ಕಂಬಳಿ. ಹನಿ ಇರೋ ಕಡೆ ಐಸ್ ಅಂದ್ಕೊಂಡ ಮಾಡೆಲಲ್ಲಿ ಬಿಸಿ ಸುಮ್ಮನೆ ಸೋರಿಹೋಗುತ್ತೆ. ಅತ್ತ ದಕ್ಷಿಣದ ಸಾಗರದಲ್ಲಿ ಬೇಸಿಗೆ ಬಂದಾಗ ಇದೇ ತಪ್ಪು ಉಲ್ಟಾ ಹೊಡೆಯುತ್ತೆ: ಮಾಡೆಲ್ ಮೋಡನ ಬೇಗ ಐಸ್ ಮಾಡಿಬಿಡುತ್ತೆ, ಬಿಸಿಲು ವಾಪಸ್ ಹೋಗೋದು ಕಮ್ಮಿಯಾಗುತ್ತೆ, ಸಮುದ್ರ ಬೇಡದಷ್ಟು ಕಾಯುತ್ತೆ.

ಸಮುದ್ರದ ಐಸ್ ಕಥೆನೂ ಇದೇ. ಎಲ್ಲಾ ಕಡೆ ಎರಡು ಮೀಟರ್ ದಪ್ಪ ಅಂತ ಸರಾಸರಿ ಹಾಕೋದು ಬೇರೆ, ಒಂದೇ ಚೌಕದಲ್ಲಿ ತೆಳು, ದಪ್ಪ ಅಂತ ಐದು ಬಗೆ ಇಟ್ಕೊಳ್ಳೋದು ಬೇರೆ, ಯಾಕಂದ್ರೆ ಚಳಿಗಾಲದಲ್ಲಿ ಸಮುದ್ರದ ಬಿಸಿ ಆಚೆ ಹೋಗೋದು ಹೆಚ್ಚಾಗಿ ತೆಳು ಜಾಗದಿಂದಲೇ. ಇರಲಿ, ಇದು ಇಷ್ಟು ಸಾಕು.

ಈಗ ಆ ಗೆರೆ ಜಗ್ಗೋ ಮಾತಿಗೆ ಬರ್ತೀನಿ, ನನಗೆ ತಲೆಬಿಸಿ ಆಗೋದೇ ಅದಕ್ಕೆ. ಸ್ವಲ್ಪ ಯೋಚನೆ ಮಾಡಿ. ಸ್ಯುಕುರೊ ಮನಾಬೆ ಮತ್ತೆ ರಿಚರ್ಡ್ ವೆದರಾಲ್ಡ್ ಅನ್ನೋ ಹವಾಮಾನ ವಿಜ್ಞಾನಿಗಳು ಕಂಪ್ಯೂಟರಲ್ಲಿ ಕಾರ್ಬನ್ ಡೈಆಕ್ಸೈಡ್ ಡಬಲ್ ಮಾಡಿ, ಧ್ರುವದ ಕಡೆ ಬಿಸಿ ಜಾಸ್ತಿ ಏರುತ್ತೆ ಅಂತ ಪ್ರಕಟಿಸಿದ್ದು 1975ರಲ್ಲಿ. ಇವತ್ತು ಎಲ್ಲರೂ ತೋರಿಸೋ ಸ್ಯಾಟಲೈಟ್ ಐಸ್ ಗ್ರಾಫ್ ಶುರುವಾಗೋದು 1979ರ ಆಸುಪಾಸಿಂದ. ಇನ್ನೂ ಹುಟ್ಟದ ಗ್ರಾಫಿಗೆ ಅವರು ಗೆರೆ ಎಲ್ಲಿಂದ ಎಳೆದ್ರು ಸ್ವಾಮಿ? ಆಮೇಲೆ 1979ರಿಂದೀಚೆಗೆ ಆರ್ಕ್‌ಟಿಕ್ ಪ್ರಪಂಚದ ಸರಾಸರಿಗಿಂತ ಹತ್ತಿರಹತ್ತಿರ ನಾಲ್ಕು ಪಟ್ಟು ವೇಗದಲ್ಲಿ ಕಾದಿದೆ, ಮಾಡೆಲ್‌ಗಳಲ್ಲಿ ಹೆಚ್ಚಿನವು ಅಷ್ಟು ತೋರಿಸೋದೇ ಇಲ್ಲ. ಗೆರೆ ಎಳೆದವರು ಅಷ್ಟು ಕಮ್ಮಿ ಎಳೀತಾರಾ?

ಇನ್ನೂ ಮಜಾ ಅಂಟಾರ್ಕ್‌ಟಿಕದ್ದು. ಅಲ್ಲಿ ಸಮುದ್ರದ ಐಸ್ 1979ರಿಂದ 2014ರವರೆಗೆ ನಿಧಾನಕ್ಕೆ ಜಾಸ್ತಿಯಾಗ್ತಾನೇ ಹೋಯ್ತು, 2014ರಲ್ಲಿ ಅಲ್ಲಿನ ಚಳಿಗಾಲದ ಗರಿಷ್ಠ ಎರಡು ಕೋಟಿ ಚದರ ಕಿ.ಮೀ. ದಾಟ್ತು. ಮಾಡೆಲ್‌ಗಳು ಹೆಚ್ಚುಕಮ್ಮಿ ಎಲ್ಲವೂ ಕಮ್ಮಿಯಾಗುತ್ತೆ ಅಂತ ತೋರಿಸ್ತಾ ಕೂತಿದ್ದವು. 2016ರಲ್ಲಿ ಅದು ಧಡಾರಂತ ಬಿತ್ತು, 2023ರ ಫೆಬ್ರವರಿಯಲ್ಲಿ ಅಲ್ಲಿನ ಬೇಸಿಗೆಯ ಕನಿಷ್ಠ 18 ಲಕ್ಷಕ್ಕಿಂತ ಕೆಳಗೆ. ಆ ಮೂವತ್ತೈದು ವರ್ಷ ಮಾಡೆಲ್ ತಪ್ಪಾಗಿತ್ತು, ಒಪ್ತೀನಿ, ಆದ್ರೆ ಗ್ರಾಫ್ ನೋಡಿ ಗೆರೆ ಎಳೆಯೋನಿಗೆ ಆ ತಪ್ಪು ಮಾಡೋಕೇ ಆಗಲ್ಲ, ಏರ್ತಿರೋ ಗ್ರಾಫ್ ಮೇಲೆ ಇಳಿಯೋ ಗೆರೆ ಯಾರು ಎಳೀತಾರೆ? ಮಾಡೆಲ್ ತನ್ನ ಸಮೀಕರಣದಿಂದ ಲೆಕ್ಕ ಹಾಕುತ್ತೆ ಅನ್ನೋದಕ್ಕೆ ಅದು ಮಾಡಿದ ತಪ್ಪೇ ಸಾಕ್ಷಿ.

"ಟ್ಯೂನ್ ಮಾಡ್ತಾರಂತಲ್ಲ" ಅಂತ ಇಲ್ಲೊಬ್ಬರು ಎದ್ದು ನಿಲ್ತಾರೆ, ಗ್ಯಾರಂಟಿ. ಹೌದು ಮಾಡ್ತಾರೆ, ಐಸ್ ಮೇಲಿನ ಹಿಮ ಎಷ್ಟು ಬಿಸಿಲು ವಾಪಸ್ ಕಳಿಸುತ್ತೆ ಅನ್ನೋ ನಂಬರನ್ನ ಅಳತೆಗೆ ಹೊಂದೋ ಮಿತಿಯಲ್ಲಿ ಅಷ್ಟಿಷ್ಟು ತಿರುಗಿಸ್ತಾರೆ. ತಂಬೂರಿ ಶ್ರುತಿ ಮಾಡ್ಕೊಂಡಷ್ಟಕ್ಕೇ ಹಾಡು ಬಂದುಬಿಡುತ್ತಾ?

ಯಾರೂ ಕೇಳದೇ ಇರೋದು ಇನ್ನೊಂದಿದೆ, ನನಗಿಷ್ಟ, ಅದಕ್ಕೆ ಹೇಳ್ತೀನಿ. ಕಿತ್ತಳೆ ಹಣ್ಣಿನ ತೊಳೆ ನೋಡಿ, ನಡುವೆ ಅಗಲ, ತುದಿಗೆ ಚೂಪು. ರೇಖಾಂಶಗಳೂ ಹಾಗೇ: ಸಮಭಾಜಕದಲ್ಲಿ ಒಂದು ಡಿಗ್ರಿ ಅಂದ್ರೆ 111 ಕಿ.ಮೀ., 89 ಡಿಗ್ರಿ ಉತ್ತರದಲ್ಲಿ ಬರೀ 2 ಕಿ.ಮೀ. ಸೆಕೆಂಡಿಗೆ 30 ಮೀಟರ್ ಗಾಳಿಗೆ ಸಮಭಾಜಕದಲ್ಲಿ ಚೌಕ ದಾಟೋಕೆ ಒಂದು ಗಂಟೆ, ಧ್ರುವದ ಹತ್ತಿರ ಒಂದೇ ನಿಮಿಷ, ಇಂಥ ಚೌಕಕ್ಕೋಸ್ಕರ ಇಡೀ ಭೂಮಿ ಲೆಕ್ಕನೇ ಪುಟ್ಟ ಪುಟ್ಟ ಹೆಜ್ಜೆ ಇಡ್ಬೇಕಾಗುತ್ತೆ, ಇಲ್ಲಾಂದ್ರೆ ಲೆಕ್ಕ ಸಿಡಿಯುತ್ತೆ. ಸಮುದ್ರದ ಮಾಡೆಲ್ ಕಟ್ಟೋರು ಇದಕ್ಕೊಂದು ಉಪಾಯ ಮಾಡಿದ್ರು: ಗ್ರಿಡ್ಡಿನ, ಅಂದ್ರೆ ಈ ಚೌಕಗಳ ಬಲೆಯ, ಉತ್ತರ ಧ್ರುವನ ಕಿತ್ತು ಎರಡು ಮಾಡಿ ಒಂದನ್ನ ಕೆನಡಾ ಕಡೆ ನೆಲದ ಮೇಲೆ, ಇನ್ನೊಂದನ್ನ ಸೈಬೀರಿಯಾದಲ್ಲಿ ಇಟ್ಟುಬಿಟ್ರು, ನೆಲದ ಮೇಲೆ ಸಮುದ್ರದ ಲೆಕ್ಕನೇ ಇಲ್ವಲ್ಲ. ದಕ್ಷಿಣ ಧ್ರುವ ಮೊದಲೇ ನೆಲದ ಮೇಲಿದೆ, ಅದನ್ನ ಕೀಳೋ ಅಗತ್ಯನೇ ಬರಲಿಲ್ಲ.